ಎರಡನೇ ಪತ್ರಿಕೆ

ಒಂದು ನಳ ಆರು ತಾಸಿನಾಗ ತುಂಬತೈತಿ,
ಇನ್ನೊಂದು ಒಂಬತ್ತು ತಾಸಿನಾಗ ಬರಿದು ಮಾಡತೈತಿ.
ಎರಡೂ ಬಿಟ್ಟರ ಟಾಕಿ ತುಂಬೂದು ಯಾವಾಗ?

ಧಾರವಾಡ ಸಪ್ತಾಪುರದ ನಮ್ಮ ಓಣಿಗೆ
ನೀರು ಬರೂದ ಎಂಟು ದಿನಕ್ಕೊಮ್ಮೆ.
ರಾತ್ರಿ ಎರಡಕ್ಕ ನಳದಾಗ ಗಾಳಿ ಕೆಮ್ಮಿದ್ರ ಸಾಕು,
ಹದಿನಾರು ಮಂದಿ ಹುಡುಗ್ಯಾರು ಅಂಗಳದಾಗ.
ನನ್ನ ಕೈಯಾಗ ಬಕೀಟು, ಬಗಲಾಗ ಪುಸ್ತಕ.

ಹೋದ ವರ್ಷ ಅರವತ್ನಾಕು ಚಿಲ್ಲರ.
ಕಡಿಮಿ ಬಿದ್ದದ್ದು ಒಂದ ಒಂದು ಲೆಕ್ಕ.
ಸಂವಿಧಾನ, ಇತಿಹಾಸ, ಮಣ್ಣಿನ ಬಗಿ, ಮಾನ್ಸೂನು
ಎಲ್ಲಾ ಬಾಗಲದ ಹೊರಗ ಉಳದೂವು,
ಬಿಟ್ಟ ಚಪ್ಪಲಿ ಹಂಗ.

ಈ ಪತ್ರಿಕೆ ಅಂಕ ಎಣಿಕಿಗೆ ಹಿಡಿಯೂದಿಲ್ಲ;
ಇದರಾಗ ಪಾಸಾಗದಿದ್ರ ಉಳದದ್ದೂ ಎಣಸೂದಿಲ್ಲ.
ಅಪ್ಪಗ ಫೋನಿನಾಗ ತಿಳಿಸಿ ಹೇಳಿದೆ.
ಗದಗಿನ ಛಾಪಖಾನಿ ಸಪ್ಪಳದಾಗ ಅಂವ,
"ಎಣಸಲಾರದ್ದಕ್ಕ ಯಾಕವಾ ಇಷ್ಟು ಓದ್ತೀ?" ಅಂದ.
ಮಶೀನು ಇನ್ನೂ ನಾಕು ಹಾಳಿ ಉಗುಳೂತನ
ನಾನೂ ಮಾತಾಡಲಿಲ್ಲ.

ಪಾಳೆದಾಗ ನನ್ನ ಹಿಂದ ಫಕೀರವ್ವ,
ಮುಂಜಾನೆ ನಮಗೆಲ್ಲಾ ರೊಟ್ಟಿ ಬಡಿಯಾಕಿ.
"ಏನ ಅದು, ನೀರಿನ ಲೆಕ್ಕೇನ?"
ಓದಿ ಹೇಳಿದೆ.
ಆಕಿ ಕೊಡ ಇಳಿಸಿ, ಸೆರಗಿಲೆ ಮುಖ ಒರಸಿ,
"ಅಲ್ಲ, ಕೆಳಗಿನ ನಳ ಬಂದ್ ಮಾಡಾಕ
ಯಾರೂ ಇಲ್ಲೇನ ಆ ಮನ್ಯಾಗ?"

ನಗು ಬಂತು. ಸಮಯಾನೂ ಹೋತು.
ಹದಿನೆಂಟು ತಾಸು ಅಂತ ಗೀಚಿದೆ,
ಹಿಂದಿನ ಹಾಳಿ ತಗದು ನೋಡಿದೆ, ಬರೋಬರಿ.
ತಲಿ ಎತ್ತೂದ್ರಾಗ ನೀರು ನಿಂತಿತ್ತು.
ಬಕೀಟಿನಾಗ ಗೇಣುದ್ದ.

ಮುಖಕ್ಕ ಸಾಕು.
ಮುಂದಿನ ಪುಟದಾಗ ಎರಡು ರೈಲು
ಆಗಲೇ ಎದುರಾಬದರ ಹೊಂಟಾವು.