ದಂಡದ ಬಾಕಿ

ದಕ್ಷಿಣ ವೇಲ್ಸಿನ ನಮ್ಮ ಕಣಿವೆಯಲ್ಲಿ
ಗಣಿಯವರ ವಾಚನಾಲಯದ ಪುಸ್ತಕಗಳನ್ನು
ಯಾರು ಎಲ್ಲಿಯವರೆಗೆ ಓದಿದರೆಂದು
ಕೇಳಿ ತಿಳಿಯಬೇಕಿರಲಿಲ್ಲ.
ಪುಟದ ಕೆಳತುದಿಯಲ್ಲಿ ಕಲ್ಲಿದ್ದಲಿನ ಹೆಬ್ಬೆಟ್ಟು.
ಅಕ್ಷರ ಬಾರದವರು ಒತ್ತುವಂಥದಲ್ಲ,
ಅಕ್ಷರದ ಬೆನ್ನು ಹತ್ತಿದವರು ಒತ್ತಿದ್ದು.

ಪತ್ತೇದಾರಿ ಕತೆಗಳಲ್ಲಿ ಕೊಲೆಗಾರ ಸಿಗುವವರೆಗೂ ಮಸಿ.
ದುಡಿಮೆಯ ಬೆಲೆ, ಬಂಡವಾಳದ ಹುಟ್ಟು
ಇದನ್ನೆಲ್ಲ ಬಿಡಿಸಿ ಹೇಳುವ ದಪ್ಪ ಸಂಪುಟದಲ್ಲಿ ಮಾತ್ರ
ನಲವತ್ತನೆಯ ಪುಟಕ್ಕೆ ಗುಂಪು ತೆಳುವಾಗಿ
ಅರವತ್ತರಲ್ಲಿ ಒಂದೇ ಬೆರಳು ಉಳಿದು
ಮುಂದೆ, ಇನ್ನೂ ಮುಂದೆ,
ಸುರಂಗದೊಳಗೆ ಒಬ್ಬನೇ ದೀಪ ಹಿಡಿದು ಹೋದ ಹಾಗೆ.

ಅದರ ಎರಡನೆಯ ಸಂಪುಟ ಕಪಾಟಿನಲ್ಲಿಲ್ಲ.
ಖಾತೆಪುಸ್ತಕದಲ್ಲಿದೆ:
ಇಡ್ವಾಲ್ ಪ್ರಾಸರ್, ಫೆಬ್ರವರಿ ೧೯೩೭, ಎರಡು ವಾರಕ್ಕೆ.

ಪಾಸ್‌ಪೋರ್ಟ್ ಕೇಳದ ವಾರಾಂತ್ಯದ ಟಿಕೆಟ್ಟಿನಲ್ಲಿ
ಪ್ಯಾರಿಸ್ ನೋಡಿ ಬರುತ್ತೇನೆಂದು ಹೊರಟವನು
ಬೆಟ್ಟ ಹತ್ತಿ ಸ್ಪೇನಿಗಿಳಿದ.
ಎಬ್ರೋ ನದಿ ದಾಟಿದ್ದನ್ನು ಕಂಡವರಿದ್ದರು.
ಮರಳಿ ದಾಟಿದ್ದನ್ನು ಕಂಡವರಿಲ್ಲ.

ಮರುವರ್ಷ ಸಮಿತಿಯ ಮುಂದೆ ಗೊತ್ತುವಳಿ ಬಂತು:
ಸಂಗಾತಿ ಪ್ರಾಸರ್‌ನ ದಂಡ ಮನ್ನಾ ಮಾಡುವುದು.
ಎಲ್ಲರ ಕೈ ಮೇಲೆ.
ಬಾಗಿಲ ಬಳಿ ನೆಲ ಒರೆಸುತ್ತಿದ್ದ ಅವನ ತಾಯಿ
ಬಟ್ಟೆ ಹಿಂಡುತ್ತಲೇ ಅಂದಳಂತೆ:
"ಇರಲಿ ಬಿಡಿ. ಬಾಕಿ ಇರುವವನು ಬಂದಾನು."
ಒಂದೊಂದೇ ಕೈ ಕೆಳಗಿಳಿಯಿತು.

ಅಂದಿನಿಂದ ವಾರ್ಷಿಕ ಸಭೆಯ ಕೊನೆಯ ವಿಷಯ ಅದೇ.
ವಾರಕ್ಕೊಂದು ಪೆನ್ನಿ. ಮೊತ್ತ ಓದುವುದು, ಎಲ್ಲರೂ ಏಳುವುದು.
ಬಾವುಟವಿಲ್ಲ, ಹಾಡಿಲ್ಲ.
ಕುರ್ಚಿ ಸರಿದ ಸದ್ದು, ಹಳೆಯ ಪುಪ್ಪುಸಗಳ ಕೆಮ್ಮು.

ಬುಡಾಪೆಸ್ಟಿಗೆ ಟ್ಯಾಂಕು ಹೊಕ್ಕ ನವೆಂಬರಿನಲ್ಲಿ
ಟಾಲ್ ಪ್ರಿದೆರ್ಚ್ ಪಕ್ಷದ ಕಾರ್ಡು ಹರಿದು
ಮಾಸ್ಟಿನ್ ರೀಸನ ಚಹಾ ಬಟ್ಟಲಿಗೆ ಹಾಕಿದ.
ಆಮೇಲೆ ಬೆಂಕಿಗೂಡಿನ ಆ ಬದಿಗೊಂದು ಕುರ್ಚಿ, ಈ ಬದಿಗೊಂದು,
ನಡುವೆ ಹದಿನಾಲ್ಕು ವರ್ಷದ ಮೌನ, ಒಂದೇ ಪತ್ರಿಕೆ:
ರೀಸ್ ಓದಿ, ಮಡಚಿ, ಮೇಜಿನ ಮೇಲಿಡುವನು;
ಟಾಲ್ ನೂರು ಎಣಿಸಿ ಎತ್ತಿಕೊಳ್ಳುವನು.
ಕೊನೆಯ ವಿಷಯಕ್ಕೆ ಮಾತ್ರ ಇಬ್ಬರೂ ಒಟ್ಟಿಗೇ ಏಳುವರು.
ಇಡ್ವಾಲ್ ಇದ್ದಿದ್ದರೆ ಯಾವ ಕುರ್ಚಿಯ ಕಡೆ?
ಗ್ರಂಥಪಾಲಕಿ ನನ್ನ ದೊಡ್ಡಮ್ಮ ಎಲುನೆಡ್‌ಳನ್ನು ಕೇಳಿದ್ದೆ.
"ಸತ್ತವರು ತಗಾದೆ ಮಾಡರು ನೋಡು," ಅಂದಳು,
"ಎರಡೂ ಕಡೆ ಕೂರಿಸಿಕೊಳ್ಳಬಹುದು."

ಎಪ್ಪತ್ತೊಂದರಲ್ಲಿ ನಾಣ್ಯ ಬದಲಾಯಿತು.
ಏಳು ಪೌಂಡು, ಏಳು ಶಿಲ್ಲಿಂಗು, ಎಂಟು ಪೆನ್ನಿ.
ಹೊಸ ಲೆಕ್ಕಕ್ಕೆ ತಿರುಗಿಸುತ್ತ ರಾತ್ರಿಯಿಡೀ ಕೂತಳು.
ಕೊನೆಗೊಂದು ಚೂರು ಉಳಿಯಿತು, ಪೆನ್ನಿಯ ಮೂರನೆಯ ಒಂದು ಪಾಲು.
ಅಷ್ಟನ್ನು ಬಿಟ್ಟುಬಿಡಿ ಎಂದಿತ್ತು ಸರ್ಕಾರದ ಕರಪತ್ರ.
"ಬಿಟ್ಟ ಚೂರುಗಳೇ ಅಲ್ಲವೇ
ಅವರ ಬಂಗಲೆಯ ಇಟ್ಟಿಗೆಗಳು" ಎನ್ನುತ್ತ
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಳು.
ಮೊದಲ ಸಂಪುಟದಲ್ಲಿ ನನಗೆ ಅರ್ಥವಾದದ್ದು
ಆ ಅಂಚಿನಷ್ಟೇ.

ಮುಷ್ಕರ ಸೋತಿತು. ಗಣಿ ಮುಚ್ಚಿತು.
ಪುಸ್ತಕಗಳು ತೂಕದ ಲೆಕ್ಕಕ್ಕೆ ಹೋದವು,
ವಾಚನಾಲಯ ರತ್ನಗಂಬಳಿ ಅಂಗಡಿಯಾಯಿತು.
ಹೋದದ್ದೆಲ್ಲ ದಂಡ, ಅಂದರು ಬಸ್ ನಿಲ್ದಾಣದಲ್ಲಿ.
ದಂಡವೇ. ಇನ್ನೂ ಕಟ್ಟಿಲ್ಲ.

ಖಾತೆಪುಸ್ತಕವೂ ಆ ಒಂದು ಸಂಪುಟವೂ
ಈಗ ನನ್ನ ಅಡುಗೆಮನೆಯಲ್ಲಿವೆ.
ಫೆಬ್ರವರಿ ಬಂದರೆ ಕೂಡಿಸುತ್ತೇನೆ, ಚೂರನ್ನೂ ಸೇರಿಸಿ,
ಗಟ್ಟಿಯಾಗಿ ಓದಿ
ಒಬ್ಬಳೇ ಎದ್ದು ನಿಲ್ಲುತ್ತೇನೆ, ಕುಕ್ಕರು ಕೂಗುತ್ತಿದ್ದರೂ.

ಈ ಸಲ ಐವತ್ತೊಂದನೆಯ ಪುಟದವರೆಗೆ ಹೋದೆ.
ದಿನವಿಡೀ ವಿಮಾ ಕಂಪನಿಯ ಕೀಲಿಮಣೆ ಒತ್ತಿದ ಬೆರಳು
ಯಾವ ಗುರುತನ್ನೂ ಬಿಡುವುದಿಲ್ಲ.
ಅವನ ಮಸಿಯ ಮೇಲೇ ಇಟ್ಟು
ಪುಟ ತಿರುವಿದೆ.