ಒಂದು ರೊಟ್ಟಿ ಹೆಚ್ಚು

ಆರು ಗಂಟೆಯ ಪೊನ್ನಂಪೇಟೆ ಟರ್ಫಿನಲ್ಲಿ
ಮಂಜಿಗೆ ಚೆಂಡೂ ಕಾಣದು,
ಕೋಚ್ ಕೂಗುವುದಷ್ಟೇ ಕೇಳುತ್ತದೆ:
"ಬೊಳ್ಳಮ್ಮಾ, ಕಾಲು! ಕಾಲು!"

ಕಾಲು ಇತ್ತು. ಹಾಜರಾತಿ ಇರಲಿಲ್ಲ.
ಶೇಕಡಾ ಅರವತ್ತೆರಡು ಎಂದು
ಆಫೀಸಿನ ಗೋಡೆಗೆ ಅಂಟಿಸಿದ್ದರು,
ನನ್ನ ಹೆಸರಿನ ಕೆಳಗೆ ಮಾತ್ರ ಕೆಂಪು ಗೆರೆ.

ಅಂದಿನಿಂದ ಗೋಲಿಯ ಪ್ಯಾಡುಗಳ ನಡುವೆ
ಕಾಸ್ಟ್ ಅಕೌಂಟಿಂಗ್ ಮಲಗುತ್ತದೆ.
ಬೆವರಿನ ನಾತಕ್ಕೆ ಆ ಪುಸ್ತಕವನ್ನು
ಯಾರೂ ಕಡ ಕೇಳುವುದಿಲ್ಲ, ಅದೊಂದು ಲಾಭ.
ವಿರಾಜಪೇಟೆಯ ಬಸ್ಸಿನಲ್ಲಿ ದಿನಕ್ಕೆರಡು ಲೆಕ್ಕ;
ಹಾತೂರಿನ ತಿರುವಿನಲ್ಲಿ ಪೆನ್ನು ಜಾರಿ
ಲಾಭದ ಅಂಕಿ ನಷ್ಟದ ಕಾಲಮ್ಮಿಗೆ ಇಳಿದಿದೆ.

ರಾತ್ರಿ, ಅಕ್ಕಿ ರೊಟ್ಟಿ ಬೇಯುವಷ್ಟು ಹೊತ್ತು ಓದು,
ಉಂಡ ಮೇಲೆ ಕಣ್ಣು ನಿಲ್ಲದು.
ಅವ್ವ ಏನೂ ಹೇಳುವುದಿಲ್ಲ,
ಬೇಕೆಂದೇ ಒಂದು ರೊಟ್ಟಿ ಹೆಚ್ಚು ತಟ್ಟುತ್ತಾಳೆ.
ಅದು ಯಾರಿಗೆಂದು ನಾಯಿಗೆ ಗೊತ್ತು.

ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ತಿಳಿಯದ್ದು.
ಹೆದರಲಿಲ್ಲ ಎಂದರೆ ಸುಳ್ಳು.
ಪೆನಾಲ್ಟಿ ಕಾರ್ನರಿಗೆ ನಿಲ್ಲುವ ಹಾಗೆ
ಬೆಂಚಿನಡಿ ಯಾರಿಗೂ ಕಾಣದಂತೆ
ಮೊಣಕಾಲು ತುಸು ಮಡಚಿ
ಹಿಮ್ಮಡಿ ಎತ್ತಿ ಕುಳಿತೆ.
ಹೋದದ್ದು ಹೋಯಿತು, ಮುಂದಿನ ಚೆಂಡು ನೋಡು.

ಪುಟ ತಿರುಗಿಸಿದೆ.
ಎರಡನೆಯದು,
ಹಾತೂರಿನ ತಿರುವಿನ ಲೆಕ್ಕ.