ಬಾಸೂರು ಕಾವಲಿನ ಸಂಜೆಯೆಣಿಕೆ

ದೊಡ್ಡಿಯ ಗೇಟು
ಒಂದು ದನ ನುಸುಳುವಷ್ಟೇ ತೆರೆದಿತ್ತು.
ನಾನು ನೂರಾ ನಲವತ್ತೆರಡು ಅಂದೆ, ಒಂದು ಕಮ್ಮಿ.
ಕ್ಯಾತಣ್ಣ ಎಣಿಸಲಿಲ್ಲ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು
ಧೂಳು ಇಳಿಯುವ ತನಕ ಸುಮ್ಮನೆ ನೋಡಿ
‘ಮಿಂಚುಳ್ಳಿ ಬಂದಿಲ್ಲ ಕಣವ್ವ’ ಅಂದ.

ನನ್ನ ಲೆಡ್ಜರಿನಲ್ಲಿ ಮಿಂಚುಳ್ಳಿ ಇಲ್ಲ.
ಅಲ್ಲಿರುವುದು ತೊಡೆಯ ಮೇಲೆ ಬರೆ ಎಳೆದ ಅಂಕಿ,
ಹುಟ್ಟಿದ ತಿಂಗಳು, ತಾಯಿಯ ಅಂಕಿ, ಷರಾ.
ಅವನ ಲೆಕ್ಕ ಬೇರೆ:
ಗಾಳಿಗೌರಿಯ ಮಗಳು ಕೊಂಕಿ, ಕೊಂಕಿಯ ಮಗಳು ಮುಗಿಲಿ,
ಮುಗಿಲಿಯ ಹೊಟ್ಟೆಯಲ್ಲಿ ಮಿಂಚುಳ್ಳಿ,
ಹಿಂಗೆ ಏಳು ತಲೆ ಹೇಳಬಲ್ಲ;
ತನ್ನ ಮುತ್ತಜ್ಜಿಯ ಹೆಸರು ಕೇಳಿದರೆ
ತಲೆ ಕೆರೆದುಕೊಳ್ಳುತ್ತಾನೆ.
ಹೋರಿಗರುಗಳ ಹರಾಜಿನ ದಿನ
ಕುಣಿಕೆ ಎಸೆದು, ಕೆಡವಿ, ಮೂಗುದಾರ ಪೋಣಿಸಿ
ಎಲ್ಲಿಂದಲೋ ಬಂದ ರೈತನ ಕೈಗೆ ಹಗ್ಗ ಕೊಟ್ಟು
ಹೆಸರು ಮಾತ್ರ ತಾನಿಟ್ಟುಕೊಳ್ಳುತ್ತಾನೆ.

ಅವತ್ತೇ ಇಲಾಖೆಯಿಂದ ಜಾಕೆಟ್ಟುಗಳು ಬಂದಿದ್ದವು,
ಹೊಳೆವ ಪಟ್ಟಿ, ಜಿಪ್ಪು, ಹಸಿರು ಬಣ್ಣ.
ಇನ್ನು ಕಂಬಳಿ ಹೊದ್ದು ಬರುವಂತಿಲ್ಲ ಎಂದು ಸುತ್ತೋಲೆ.
ಹೆಬ್ಬೆಟ್ಟು ಒತ್ತಿಸಿಕೊಂಡು ನಾನೇ ತೊಡಿಸಿದ್ದೆ.
‘ಮದುವೆ ಗಂಡಿನಂಗೆ ಕಾಣ್ತೀಯ’ ಅಂದಿದ್ದಳು ಸಣ್ಣಕರಿಯಮ್ಮ,
‘ವಾಸನೆ ಮಾತ್ರ ಯೂರಿಯಾ ಚೀಲದ್ದು.’

ಬೀರೂರಿನ ಕಡೆ ರೈಲು ಕೂಗಿತು. ಕತ್ತಲೆ.
ನನಗೆ ಟಾರ್ಚು ಕೊಟ್ಟ, ತಾನು ಕೋಲೂ ಹಿಡಿಯಲಿಲ್ಲ.
ಮೊಣಕಾಲಿಗೆ ಕರ್ಡದ ಹುಲ್ಲು, ಅದರಾಚೆ ಜಾಲಿ,
ಬೆಳಕಿಗೆ ಸಿಕ್ಕಿದ ಕೃಷ್ಣಮೃಗಗಳ ಕಣ್ಣು
ಹಚ್ಚಿ ಆರಿಸಿದ ಹಾಗೆ.
‘ತೋಳ?’ ಅಂದೆ. ‘ಅವೂ ಕಾವಲಿನವೇ’ ಅಂದ.
ಅದು ಧೈರ್ಯ ಹೇಳಿದ್ದೋ ಅಲ್ಲವೋ, ತಿಳಿಯಲಿಲ್ಲ.

ಕೂಗಿದ. ಆ ಕೂಗಿಗೆ ಅಕ್ಷರವಿಲ್ಲ,
ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದ್ದೇನೆ.
ಗಂಟಲಲ್ಲಿ ಹುಟ್ಟಿ ಮೂಗಿಗೇರಿ
ಕೊನೆಗೆ ಬಾವಿಗೆ ಬಿದ್ದ ಕೊಡದಂತೆ ಗುಳುಕ್ಕೆನ್ನುತ್ತದೆ.
ಸೀಗೆಮೆಳೆಯೊಳಗಿಂದ ಒಂದು ಉಸಿರು.

ಮೊದಲು ಕಂಡದ್ದು ಕೊಂಬು,
ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಎರಡು ಮೊನೆ;
ಆಮೇಲೆ ಅದರಡಿ, ಇನ್ನೂ ಒಣಗದ, ಕಿವಿ ಮಡಿಸಿಕೊಂಡ ಕರು.
ಕ್ಯಾತಣ್ಣ ಒಂದು ಹೆಜ್ಜೆ ಇಟ್ಟ.
ಅವಳು ತಲೆ ತಗ್ಗಿಸಿ ನುಗ್ಗಿದಳು.
ಇಪ್ಪತ್ತಾರು ವರ್ಷ ದನ ಕಾದವನು
ಕವಳೆಪೊದೆಗೆ ಅಂಗಾತ ಬಿದ್ದ.
ನಾನು ನಗಲೂ ಇಲ್ಲ, ಕಿರುಚಲೂ ಇಲ್ಲ,
ಟಾರ್ಚು ಮಾತ್ರ ಆಕಾಶಕ್ಕೆ ತಿರುಗಿತು.

ಕತ್ತಲಲ್ಲಿ ಜಿಪ್ಪು ಎಳೆದ ಸದ್ದು.
‘ನಂದೇ ತಪ್ಪು ಕಣವ್ವ, ನಂದೇ ತಪ್ಪು.’
ಅದು ನನಗೆ ಹೇಳಿದ್ದಲ್ಲ.
ಗಾಳಿ ಬೀಸುವ ಕಡೆ ಹೋಗಿ ಬರಿಮೈಯಲ್ಲಿ ಕೂತ,
ಬೆವರು, ಬೀಡಿ, ಹಳೆಯ ಕಂಬಳಿಯ ಘಾಟು
ಅವಳ ಮೂಗಿಗೆ ತಲುಪಲಿ ಎಂದು.
ಎಷ್ಟು ಹೊತ್ತೋ. ಇನ್ನೊಂದು ರೈಲು ಹೋಯಿತು.
ಕೊನೆಗೆ ಬಂದಳು. ಹೆಗಲ ಉಪ್ಪು ನೆಕ್ಕಿದಳು.
ಪಕ್ಕೆಗೆ ಕೊಂಬಿನಿಂದ ಒಮ್ಮೆ ತಿವಿದಳು,
ಜೋರಾಗಲ್ಲ, ನೆನಪಿರಲಿ ಎನ್ನುವಷ್ಟು.

ಕರು ಹೆಗಲಿಗೆ ಹಾಕಿಕೊಂಡು ಅವನು ಮುಂದೆ,
ಅದರ ಬಾಲ ಮೂಸುತ್ತ ಅವಳು, ಹಿಂದೆ ನಾನು.
ದಾರಿಯುದ್ದಕ್ಕೂ ಅವನು ಹೆಸರು ಹುಡುಕುತ್ತಿದ್ದ.
ನಾನು ನಂಬರು.

ಬೆಳಿಗ್ಗೆ ಬರೆದೆ:
ಕರು, ಹೆಣ್ಣು, ಬೂದು, ಜಮಾ ಒಂದು.
ಜಾಕೆಟ್ಟು, ಹಸಿರು, ಖರ್ಚು ಒಂದು.
ಷರಾದ ಕಾಲಂ ಬಹಳ ಸಣ್ಣದು,
‘ಮುಳ್ಳಿಗೆ ಸಿಕ್ಕಿ ಹರಿದಿದೆ’ ಎಂದಷ್ಟೇ ಹಿಡಿಸಿತು.
ಅದು ಈಗಲೂ ಹರಿಯದೆ ಮೆಳೆಯ ಮೇಲಿದೆ,
ರಾತ್ರಿ ಲಾರಿಯ ಬೆಳಕಿಗೆ ಹೊಳೆಯುತ್ತದಂತೆ;
ದನಗಳು ಅದನ್ನು ಸುತ್ತು ಬಳಸಿ ಮೇಯುತ್ತವೆ.